ಮಾಸ್ಟರ್ ಹೆಣೆದ ಹೊಲಿಗೆಯಿಲ್ಲದ ಅಂಗಿ

ನನ್ನದು ಗುಂಡಿ, ನೂಲು, ಸೂಜಿ, ಜಿಪ್ಪು ಮಾರುವ ಅಂಗಡಿ. ಆರಡಿ ಅಗಲ, ಉದ್ದ ಹೇಳಿಕೊಳ್ಳುವಂಥದ್ದೇನಲ್ಲ. ಬೀದಿಯವರಿಗೆಲ್ಲ ನಾನು ಗುಂಡಿ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ, ನನಗೇನೂ ಬೇಜಾರಿಲ್ಲ. ಎದುರಿನ ಟೈಲರ್ ಅಂಗಡಿಯ ಮಾಸ್ಟರ್ ಕರೆದಾಗ ಮಾತ್ರ ಮೈ ಉರಿಯುತ್ತಿತ್ತು. ಯಾಕೆಂದರೆ ನನ್ನ ಚಳಿಗಾಲದ ಕೋಟು ಹೊಲಿಯಲು ಅವರ ಕೈಗೆ ಹೋಗಿ ಎಂಟು ತಿಂಗಳಾಗಿತ್ತು. ಕೇಳಿದಾಗಲೆಲ್ಲ ಒಂದೇ ಉತ್ತರ, "ನಾಳೆ ಕೊಡ್ತೀನಿ ಗುಂಡಿ ಅಕ್ಕ." ಆ ನಾಳೆಗೆ ಕಾದು ಕಾದು ಚಳಿಗಾಲವೇ ಮುಗಿದು ಬೇಸಿಗೆ ಬಂದಿತ್ತು.

ಆದರೆ ಕತ್ತರಿ ಹಿಡಿದರೆ ಆ ಮನುಷ್ಯನಿಗೆ ಸಾಟಿಯಿಲ್ಲ, ಅದನ್ನೂ ಹೇಳಬೇಕು. ನಲವತ್ತೆರಡು ವರ್ಷದ ಕೈ. ಯಾರ ಅಳತೆಯನ್ನೂ ಬರೆದುಕೊಳ್ಳುತ್ತಿರಲಿಲ್ಲ, ಒಮ್ಮೆ ಟೇಪು ಹಿಡಿದರೆ ತಲೆಯಲ್ಲಿ ಕೂತುಬಿಡುತ್ತಿತ್ತು. ಬೀದಿಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಇವರು ತಲೆಯಾಡಿಸಿ, ಅವರು ಆಚೆ ಹೋದ ಮೇಲೆ ನನ್ನ ಕಡೆ ತಿರುಗಿ, "ಎದೆ ಮೂವತ್ತೆಂಟು, ಎಡ ಭುಜ ಅರ್ಧ ಇಂಚು ಇಳಿದಿದೆ" ಎನ್ನುತ್ತಿದ್ದರು. ಹೆಸರು ಕೇಳಿದರೆ ಗೊತ್ತಿಲ್ಲ. ಅವರ ಪಾಲಿಗೆ ಊರೆಂದರೆ ಎದೆ, ಸೊಂಟ, ಭುಜ, ತೋಳು ಅಷ್ಟೇ.

ಈಗ ಅಲ್ಲಿಗೆ ಬರುವವರು ಕಡಿಮೆ. ಎಲ್ಲರೂ ಸಿದ್ಧ ಉಡುಪು ಹಾಕಿಕೊಳ್ಳುತ್ತಾರೆ. ಮೆಷಿನ್ ತುಳಿಯುತ್ತಿದ್ದ ಇಬ್ಬರೂ ಬೇರೆ ಕೆಲಸ ನೋಡಿಕೊಂಡರು. ಉಳಿದದ್ದು ಮಾಸ್ಟರ್, ಎರಡು ಮೆಷಿನ್, ಒಂಟಿ ಕಾಲಿನ ಮೇಲೆ ನಿಂತ ತಲೆಯಿಲ್ಲದ ಗೊಂಬೆ. ಅಂಗಡಿಯ ಹಿಂದೆಯೇ ಅವರ ಕೋಣೆ: ಒಂದು ಮಂಚ, ಒಂದು ಒಲೆ, ಒಂದು ತಟ್ಟೆ, ಒಂದು ಲೋಟ. ಊಟ ಮಾತ್ರ ಕಟಿಂಗ್ ಮೇಜಿನ ಹತ್ತಿರ, ನಿಂತುಕೊಂಡೇ. ಎದುರಿಗೆ ಇನ್ನೊಬ್ಬರು ಕೂರುವುದಿಲ್ಲ ಎಂದಾದರೆ ಕೂತು ತಿನ್ನಲು ಮನಸ್ಸೇ ಬರುವುದಿಲ್ಲ. ನನಗದು ಚೆನ್ನಾಗಿ ಗೊತ್ತು, ನಾನೂ ನಿಂತೇ ತಿನ್ನುವವಳು.

ಅವರ ಹೆಂಡತಿ ಹತ್ತೊಂಬತ್ತು ವರ್ಷದ ಹಿಂದೆ ಹನ್ನೊಂದು ವರ್ಷದ ಮಗಳ ಕೈ ಹಿಡಿದುಕೊಂಡು ತನ್ನ ಅಣ್ಣನ ಊರಿಗೆ ಹೋದವರು ವಾಪಸು ಬರಲಿಲ್ಲ. ಬೀದಿಯವರು ತಮಗೆ ತೋಚಿದ ಹಾಗೆ ಕತೆ ಕಟ್ಟಿದರು. ಕುಡಿತ ಅಂದರು, ಇನ್ನೊಬ್ಬಳು ಅಂದರು. ಎಲ್ಲ ಸುಳ್ಳು. ನಿಜ ಏನೆಂದು ನನಗೆ ಗೊತ್ತು, ಯಾಕೆಂದರೆ ಆಕೆ ನನ್ನ ಅಂಗಡಿಯಲ್ಲಿ ಕೊಳ್ಳುತ್ತಿದ್ದದ್ದು ಒಂದೇ ಸಾಮಾನು, ಪಿನ್ನು. ಊರಿಗೆಲ್ಲ ಬಟ್ಟೆ ಕತ್ತರಿಸಿ ಕೊಡುವವರ ಹೆಂಡತಿ ತನ್ನ ಹರಿದ ಅಂಗಿಯನ್ನು ಪಿನ್ನು ಹಾಕಿ ಕೂಡಿಸಿಕೊಳ್ಳುತ್ತಿದ್ದರು. ತಮ್ಮ ತಂಗಿಯ ಮದುವೆಗೆಂದು ಆಕೆ ತಾವೇ ಬಟ್ಟೆ ಆರಿಸಿ ತಂದು ಗಂಡನ ಕೈಗೆ ಕೊಟ್ಟರು. ಮಾಸ್ಟರ್ ಅಳತೆ ಹಿಡಿದರು, ಕತ್ತರಿಸಿದರು, ಹೊಲಿಯುವುದು ನಾಳೆ ಎಂದರು. ಗಿರಾಕಿಗಳ ಬಟ್ಟೆ ಯಾವಾಗಲೂ ಮೊದಲು. ಮದುವೆಗೆ ಆಕೆ ಹಳೇ ಅಂಗಿಗೆ ಎರಡು ಪಿನ್ನು ಚುಚ್ಚಿಕೊಂಡು ಹೋದರು. ಆಮೇಲೆ ಎರಡು ವರ್ಷ ಕಾದರು. ಹೊರಡುವ ದಿನ ನನ್ನ ಅಂಗಡಿಯ ಮೆಟ್ಟಿಲ ಹತ್ತಿರ ನಿಂತು, "ಪಿನ್ ಹಾಕಿ ಹಾಕಿ ಸಾಕಾಯ್ತು ಅಕ್ಕ" ಎಂದರು. ಅಷ್ಟೇ. ಜಗಳವಿಲ್ಲ, ಕೂಗಾಟವಿಲ್ಲ.

ಮಗಳು ದೊಡ್ಡವಳಾದ ಮೇಲೆ ತಿಂಗಳ ಮೊದಲ ಭಾನುವಾರ ಬಂದು ಅಪ್ಪನನ್ನು ನೋಡಿಕೊಂಡು ಹೋಗುತ್ತಿದ್ದಳು. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅವಳು ಬಂದು ಹೋದ ಮಾರನೆಯ ದಿನ ಮಾಸ್ಟರ್ ಮುಖ ಸ್ವಲ್ಪ ಗೆಲುವಾಗಿರುತ್ತಿತ್ತು. ಆ ಸೋಮವಾರ ಮಾತ್ರ ಹಾಗಿರಲಿಲ್ಲ. ನಾನಿನ್ನೂ ಬಾಗಿಲು ಪೂರ್ತಿ ಎತ್ತಿರಲಿಲ್ಲ, ಅಷ್ಟರಲ್ಲಿ ಬಂದು ನಿಂತರು.

"ಗುಂಡಿ ಅಕ್ಕ, ಹೊಲಿಗೇನೇ ಇಲ್ಲದ ಅಂಗಿ ಅಂತ ಇರುತ್ತಾ?"

ನಾನು ನಕ್ಕುಬಿಟ್ಟೆ. "ನೀವು ಹೊಲಿಯೋ ವೇಗ ನೋಡಿದ್ರೆ ನಿಮ್ಮ ಅಂಗಡೀಲಿ ಇರೋದೆಲ್ಲ ಅದೇ ಅಲ್ವಾ ಮಾಸ್ಟ್ರೇ."

ಅವರು ನಗಲಿಲ್ಲ. ಆಮೇಲೆ ಒಂದೊಂದೇ ಮಾತು ಹೊರಬಂತು. ಹೆಂಡತಿಗೆ ಆಪರೇಷನ್ ಆಗಿದೆ. ಎಡ ಎದೆಯನ್ನೇ ತೆಗೆದಿದ್ದಾರೆ, ಕಂಕುಳ ಕೆಳಗಿನವರೆಗೂ ಕುಯ್ದಿದ್ದಾರೆ. ಗಾಯವೇನೋ ಮಾಗಿದೆ, ಆದರೆ ಚರ್ಮಕ್ಕೆ ಏನು ತಾಗಿದರೂ ತಡೆಯಲಾಗುವುದಿಲ್ಲ.

"ಯಾವ ಅಂಗಿ ಹಾಕ್ಕೊಂಡ್ರೂ ಪಕ್ಕದ ಹೊಲಿಗೆ ಸರಿಯಾಗಿ ಅಲ್ಲೇ ಬರುತ್ತೆ, ಉಜ್ಜುತ್ತೆ. ಬನಿಯನ್ ಥರದ್ದು ತಂದುಕೊಟ್ಲಂತೆ ಮಗಳು, ಅದು ಮೈಗೆ ಅಂಟ್ಕೊಂಡು ಇನ್ನೂ ಕಷ್ಟ. ಎರಡು ತಿಂಗಳಿಂದ ಬೆಡ್‌ಶೀಟ್ ಸುತ್ಕೊಂಡು ಒಳಗೇ ಕೂತಿರ್ತಾಳಂತೆ. ಮನೆಗೆ ಯಾರು ಬಂದ್ರೂ ಹೊರಗೆ ಬರಲ್ವಂತೆ."

ನನ್ನ ನಗು ಅಲ್ಲೇ ನಿಂತಿತು. "ಕ್ರೋಶಾದಲ್ಲಿ ಆಗುತ್ತೆ" ಎಂದೆ. "ಕುತ್ತಿಗೆಯಿಂದ ಶುರು ಮಾಡಿ, ಸುತ್ತು ಹಾಕ್ತಾ ಹಾಕ್ತಾ ಕೆಳಗೆ ಇಳಿಸಿದ್ರೆ ಎಲ್ಲೂ ಹೊಲಿಗೆ ಬರಲ್ಲ. ಹತ್ತಿ ನೂಲಲ್ಲಿ ಹಾಕಿದ್ರೆ ಮೆತ್ತಗೂ ಇರುತ್ತೆ. ನಾನು ಹಾಕಿಕೊಡ್ಲಾ?"

"ಬೇಡ, ನನಗೆ ಕಲಿಸಿ" ಎಂದರು ಮಾಸ್ಟರ್. "ಮುಂದಿನ ತಿಂಗಳು ಮಗಳು ಬರೋ ಅಷ್ಟರಲ್ಲಿ ಆಗಬೇಕು."

"ನಿಮಗೆ ಹೇಳಿದ ದಿನಕ್ಕೆ ಕೊಟ್ಟು ಅಭ್ಯಾಸ ಇದ್ಯಾ?" ಎಂದು ಕೇಳಿಯೇಬಿಟ್ಟೆ. ನನ್ನ ನಾಲಿಗೆ ಇರುವುದೇ ಹಾಗೆ. ಅವರು ರಸ್ತೆ ದಾಟಿ ಹೋದರು. ಮಾರನೆಯ ಬೆಳಿಗ್ಗೆ ನನ್ನ ಕೋಟು ಬಂತು. ಇಸ್ತ್ರಿ ಹಾಕಿ, ಮಡಿಚಿ, ಮೇಲೆ ಕಾಗದ ಸುತ್ತಿ. ಹೊರಗೆ ಸುಡುಬಿಸಿಲು, ನನ್ನ ಕೈಯಲ್ಲಿ ಉಣ್ಣೆಯ ಕೋಟು. ಹಾಕಿ ನೋಡಿದೆ. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

"ಈಗ ಕಲಿಸ್ತೀರಾ?" ಎಂದರು.

ಮೊದಲು ನೂಲು ಆರಿಸಬೇಕಿತ್ತು. ನನ್ನ ಕಪಾಟಿನಲ್ಲಿ ಹದಿನಾರು ಬಣ್ಣದ ಹತ್ತಿ ನೂಲಿನ ಉಂಡೆಗಳಿದ್ದವು. "ಅವರಿಗೆ ಯಾವ ಬಣ್ಣ ಇಷ್ಟ?" ಎಂದು ಕೇಳಿದೆ. ಮಾಸ್ಟರ್ ಕಪಾಟನ್ನು ಮೇಲಿಂದ ಕೆಳಗೆ ನೋಡಿದರು, ಮತ್ತೆ ಕೆಳಗಿಂದ ಮೇಲೆ ನೋಡಿದರು. ಹದಿನಾಲ್ಕು ವರ್ಷ ಜೊತೆಗೆ ಸಂಸಾರ ಮಾಡಿದವರು. ಎದೆ ಮೂವತ್ತಾರು, ಭುಜ ಹದಿನಾಲ್ಕು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಬಣ್ಣ ಹೇಳಲಾಗಲಿಲ್ಲ.

"ಎರಡು ಕೊಡಿ" ಎಂದರು ಕೊನೆಗೆ. "ತಿಳಿ ನೀಲಿ ಒಂದು, ಬೂದು ಒಂದು. ಪಟ್ಟೆ ಪಟ್ಟೆ ಹಾಕೋಣ. ಎರಡರಲ್ಲಿ ಒಂದಾದ್ರೂ ಹಿಡಿಸಬಹುದು."

ಆ ಅಂಗಿಗೆ ಪಟ್ಟೆ ಬಂದದ್ದು ಹೀಗೆ. ಚೆಂದಕ್ಕಲ್ಲ, ಗೊತ್ತಿಲ್ಲದ್ದಕ್ಕೆ.

ಇನ್ನು ಕಲಿಕೆ. ಅಷ್ಟು ವರ್ಷ ಕತ್ತರಿ ಹಿಡಿದು ಅವರ ಹೆಬ್ಬೆರಳ ಬುಡದಲ್ಲಿ ಚರ್ಮ ದಡ್ಡುಗಟ್ಟಿತ್ತು. ಆ ಕೈಗೆ ಕ್ರೋಶಾ ಕಡ್ಡಿ ಸಿಕ್ಕುತ್ತಲೇ ಇರಲಿಲ್ಲ, ಜಾರಿ ಜಾರಿ ಬೀಳುತ್ತಿತ್ತು. ಕಡ್ಡಿಯ ತುದಿಯ ಕೊಕ್ಕೆಯಲ್ಲಿ ನೂಲನ್ನು ಸಿಕ್ಕಿಸಿ ಕುಣಿಕೆಯೊಳಗಿಂದ ಎಳೆದರೆ ಒಂದು ಕುಣಿಕೆ, ಹೀಗೆ ಎಳೆಯುತ್ತಾ ಹೋದರೆ ಸರಪಳಿ. ಮಕ್ಕಳು ಅರ್ಧ ಗಂಟೆಯಲ್ಲಿ ಕಲಿಯುತ್ತವೆ. ಮಾಸ್ಟರಿಗೆ ಮೂರು ದಿನ ಬೇಕಾಯಿತು. ಅವರ ಕುಣಿಕೆಗಳು ಎಷ್ಟು ಬಿಗಿ ಎಂದರೆ ಎರಡನೇ ಸುತ್ತಿಗೆ ಕಡ್ಡಿಯೇ ಒಳಗೆ ಹೋಗುತ್ತಿರಲಿಲ್ಲ.

"ಯಾಕೆ ಹಂಗೆ ಎಳೀತೀರಿ? ನೂಲೇನು ಓಡಿಹೋಗುತ್ತಾ?"

"ಸಡಿಲ ಬಿಟ್ರೆ ಹೋಗಲ್ವಾ?"

"ಹೋಗಲ್ಲ, ಬಿಡಿ. ಸಡಿಲ ಬಿಟ್ರೇನೇ ಮುಂದಕ್ಕೆ ಬರೋದು."

ಅವರು ಪ್ರತಿ ದಿನ ಮಧ್ಯಾಹ್ನ ಬಂದು ನನ್ನ ಅಂಗಡಿಯ ಮುಕ್ಕಾಲಿಯ ಮೇಲೆ ಕೂರುತ್ತಿದ್ದರು. ನೂಲು ಕೊಳ್ಳಲು ಬಂದ ಹೆಂಗಸರು ಬಾಯಿಗೆ ಸೆರಗೊತ್ತಿಕೊಂಡು ನಗುತ್ತಿದ್ದರು. ಅರವತ್ಮೂರು ವರ್ಷದ ಗಂಡಸು ನಾಲಿಗೆ ಕಚ್ಚಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, "ಒಂಬತ್ತು, ಹತ್ತು, ಹನ್ನೊಂದು" ಎಂದು ಕುಣಿಕೆ ಎಣಿಸುವುದನ್ನು ನೋಡಿ ನನಗೂ ಒಮ್ಮೊಮ್ಮೆ ನಗು ತಡೆಯುವುದು ಕಷ್ಟವಾಗುತ್ತಿತ್ತು. ಅವರಿಗೆ ಯಾರ ಪರಿವೆಯೂ ಇರಲಿಲ್ಲ.

ಕೈ ಸ್ವಲ್ಪ ಪಳಗಿದ ಮೇಲೆ ಅಳತೆಯ ಮಾತು ಬಂತು. "ಇರಿ" ಎಂದು ಹೋಗಿ ಒಂದು ಹಳೇ ಗಂಟು ತಂದರು. ಬಿಚ್ಚಿದರೆ ಒಳಗೆ ನಾಲ್ಕು ತುಂಡು ಬಟ್ಟೆ: ಮುಂಭಾಗ, ಬೆನ್ನು, ಎರಡು ತೋಳು. ತಂಗಿಯ ಮದುವೆಗೆಂದು ಕತ್ತರಿಸಿದ ಅದೇ ಅಂಗಿ. ಹಳದಿ ಬಟ್ಟೆ, ಮಡಿಕೆ ಬಿದ್ದಲ್ಲಿ ಮಾಸಿತ್ತು, ಅಂಚಿನಲ್ಲಿ ಸೀಮೆಸುಣ್ಣದ ಗೆರೆ ಇನ್ನೂ ಕಾಣುತ್ತಿತ್ತು. ಮಾಸ್ಟರ್ ಅದನ್ನು ನನ್ನ ಕೌಂಟರಿನ ಮೇಲೆ ಹರಡಿ ಟೇಪು ಹಿಡಿದರು. ನಾನು ಕಾಗದದ ಮೇಲೆ ಬರೆದುಕೊಂಡೆ. ಇಬ್ಬರೂ ಇಂಚುಗಳನ್ನೇ ನೋಡುತ್ತಿದ್ದೆವು.

ಕುತ್ತಿಗೆಗೆ ಸರಪಳಿ ಹಾಕಿ, ಎರಡೂ ತುದಿ ಕೂಡಿಸಿ ಬಳೆಯಂತೆ ಮಾಡಿಕೊಳ್ಳಬೇಕು. ಆಮೇಲೆ ಸುತ್ತು. ಪ್ರತಿ ಸುತ್ತಿನಲ್ಲೂ ನಾಲ್ಕು ಮೂಲೆಗಳಲ್ಲಿ ಎರಡೆರಡು ಕುಣಿಕೆ ಹೆಚ್ಚಿಸುತ್ತಾ ಹೋದರೆ ಭುಜದ ಭಾಗ ತಾನಾಗಿ ಅಗಲವಾಗುತ್ತದೆ. ಎರಡು ಸುತ್ತು ನೀಲಿ, ಎರಡು ಸುತ್ತು ಬೂದು. ಭುಜದ ಅಳತೆ ಮುಟ್ಟುವವರೆಗೆ ತಮ್ಮ ಅಂಗಡಿಯಲ್ಲೇ ಕೂತು ಹೆಣೆದು, ಹತ್ತನೇ ದಿನ ನನಗೆ ತೋರಿಸಲು ಕರೆದರು. ಗೊಂಬೆಗೆ ಹಾಕಿ ನಿಲ್ಲಿಸಿದ್ದರು. ಕುತ್ತಿಗೆಗೆ ಅಂಟಿಕೊಂಡು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಹೊಟ್ಟೆಕಿಚ್ಚಾಯಿತು ನನಗೆ.

"ತೆಗೀರಿ, ನಾನೊಂದ್ಸಲ ಹಾಕಿ ನೋಡ್ತೀನಿ" ಎಂದೆ. ಹಾಕಿಕೊಳ್ಳಲು ಹೋದರೆ ಹಣೆಯ ಹತ್ತಿರ ಸಿಕ್ಕಿಹಾಕಿಕೊಂಡಿತು. ಎಳೆದರೂ ಇಳಿಯದು, ನೂಕಿದರೂ ಏರದು. ಕತ್ತಲಲ್ಲಿ ನಿಂತುಕೊಂಡು, "ಮಾಸ್ಟ್ರೇ, ನಿಮ್ಮ ಗೊಂಬೆಗೆ ತಲೆ ಇಲ್ಲ" ಎಂದೆ. ಆಗ ಅವರಿಗೆ ಹೊಳೆಯಿತು. ಜೀವನವೆಲ್ಲ ಅವರು ಮಾಡಿದ್ದು ಗುಂಡಿ ಬಿಚ್ಚುವ ಅಂಗಿ, ಮುಂದೆ ತೆರೆಯುವ ಕೋಟು. ತಲೆಯ ಅಳತೆಯನ್ನು ಒಂದು ದಿನವೂ ಹಿಡಿದವರಲ್ಲ.

ನಾನು ಕಷ್ಟಪಟ್ಟು ಅದರಿಂದ ಬಿಡಿಸಿಕೊಂಡು ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಅದನ್ನು ಮೇಜಿನ ಮೇಲಿಟ್ಟು, ಬಿಗಿಯಾದ ಕುತ್ತಿಗೆಗೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಕತ್ತರಿ ತೆಗೆದುಕೊಂಡು ಮುಂಭಾಗದಲ್ಲಿ ಎರಡು ಇಂಚು ಸೀಳಿದರು. ನಾನು "ಬೇಡ" ಎನ್ನುವಷ್ಟರಲ್ಲಿ ಮುಗಿದಿತ್ತು. ಬಟ್ಟೆಯಾಗಿದ್ದರೆ ಅಂಚು ಮಡಿಸಿ ಹೊಲಿದರೆ ಆಯಿತು. ಇದು ಬಟ್ಟೆಯಲ್ಲ, ಕುಣಿಕೆಗೆ ಕುಣಿಕೆ ಹಿಡಿದುಕೊಂಡು ನಿಂತದ್ದು. ಸೀಳಿನ ಎರಡೂ ಕಡೆ ನೂಲಿನ ತುದಿಗಳು ಎದ್ದು ನಿಂತವು. ಅವರು ಒಂದನ್ನು ಹಿಡಿದು ಒಳಗೆ ಸೇರಿಸಲು ಹೋದರೆ ಪಕ್ಕದ ನಾಲ್ಕು ಬಿಚ್ಚಿಕೊಂಡವು.

ಮಾಸ್ಟರ್ ಕತ್ತರಿಯನ್ನು ಕೆಳಗಿಟ್ಟರು. ಬೈಯಲು ಬಾಯಿ ತೆರೆದವಳು ನೂಲಿನ ತುಂಡುಗಳನ್ನು ಆರಿಸತೊಡಗಿದೆ. ಹತ್ತು ದಿನದ ಕೆಲಸ ಮಣ್ಣುಪಾಲಾಗಿತ್ತು.

"ಮೊದಲಿಂದ ಹಾಕೋಣ" ಎಂದೆ. "ಈ ಸಲ ಕುತ್ತಿಗೆ ಅಗಲವಾಗೇ ಇರಲಿ. ಅವರಿಗೂ ಕೈ ಎತ್ತೋಕೆ ಕಷ್ಟ ಅಲ್ವಾ."

ಕತ್ತರಿಯನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದರು. ಬೀಗದ ಕೈ ನನ್ನ ಕೈಗೆ ಕೊಟ್ಟರು. ಅಂಗಿ ಮುಗಿಯುವವರೆಗೂ ಅದು ನನ್ನ ಗಲ್ಲಾಪೆಟ್ಟಿಗೆಯಲ್ಲೇ ಇತ್ತು.

ಎರಡನೇ ಸಲ ಕೈ ಬೇಗ ಓಡಿತು. ಕಂಕುಳವರೆಗೆ ಆರು ದಿನದಲ್ಲಿ ಇಳಿಯಿತು. ಅಲ್ಲಿ ತೋಳಿನ ಕುಣಿಕೆಗಳನ್ನು ಎರಡೂ ಕಡೆ ಹಾಗೇ ಬಿಟ್ಟು, ಮುಂಭಾಗವನ್ನೂ ಬೆನ್ನನ್ನೂ ಕೂಡಿಸಿಬಿಟ್ಟರೆ, ಮುಂದೆ ಬರೀ ಸುತ್ತು, ಸೊಂಟದ ಕೆಳಗಿನವರೆಗೆ. ಅಲ್ಲಿಂದಾಚೆಗೆ ಹೇಳಿಕೊಡುವುದೇನೂ ಇರಲಿಲ್ಲ. ಅವರು ನನ್ನ ಅಂಗಡಿಗೆ ಬರುವುದು ಬಿಟ್ಟು ತಮ್ಮ ಬಾಗಿಲ ಹತ್ತಿರ ಬೆಳಕಿಗೆ ಕೂತು ಹೆಣೆಯತೊಡಗಿದರು. ಗಿರಾಕಿಗಳು ಬಂದರೆ ತಲೆ ಎತ್ತದೆ "ಮುಂದಿನ ತಿಂಗಳು ಬನ್ನಿ" ಎನ್ನುತ್ತಿದ್ದರು. ನಾಳೆ ಎನ್ನದೆ ಇದ್ದದ್ದಕ್ಕೆ ಜನರೇ ಗಾಬರಿಯಾದರು. ನನಗೆ ಮಧ್ಯಾಹ್ನದ ಹೊತ್ತು ಮುಕ್ಕಾಲಿ ಖಾಲಿ ಕಾಣುತ್ತಿತ್ತು. ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ, ಬೇಸರವಾಗುತ್ತಿತ್ತು.

ಮಗಳು ಬರುವ ಭಾನುವಾರಕ್ಕೆ ಮೂರು ದಿನ ಇರುವಾಗ, ಗುರುವಾರ, ಅಂಗಿ ಮುಗಿಯುತ್ತಾ ಬಂದಿದೆ ಎಂದು ತಂದು ತೋರಿಸಿದರು. ನೀಲಿ ಬೂದು, ನೀಲಿ ಬೂದು, ಪಟ್ಟೆಗಳು ನೇರವಾಗಿದ್ದವು. ಮೊದಲ ಸಲಕ್ಕೆ ಇಷ್ಟು ಚೆನ್ನಾಗಿ ನಾನೂ ಹಾಕಿರಲಿಲ್ಲ. ಒಳಗೆ ಕೈ ಹಾಕಿ ಸವರಿ ನೋಡಿದೆ. ಎಡ ಪಕ್ಕದಲ್ಲಿ ಬೆರಳಿಗೆ ಏನೋ ತಾಕಿತು. ಕಂಕುಳಿಂದ ಕೆಳಗಿನವರೆಗೂ ಗಂಟು ಗಂಟು, ಒಂದೇ ಸಾಲಿನಲ್ಲಿ.

"ಇದೇನು ಮಾಸ್ಟ್ರೇ?"

"ಬಣ್ಣ ಬದಲಾಯಿಸೋ ಜಾಗ. ಜೋಡಣೆ ಕಾಣಬಾರದಲ್ಲ, ಅದಕ್ಕೆ ಪಕ್ಕಕ್ಕೆ ತಂದೆ. ಮುಂದೆ ಹಾಕೋಕಾಗುತ್ತಾ?" ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಜೋಡಣೆ ಎಂದರೆ ಪಕ್ಕಕ್ಕೆ ಬರಬೇಕು, ಅವರ ಕೈ ಕಲಿತದ್ದೇ ಹಾಗೆ.

"ಎಡಗಡೆ ಇದೆ" ಎಂದೆ.

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ತಾವೇ ಒಳಗೆ ಕೈ ಹಾಕಿ ಆ ಸಾಲನ್ನು ಮೇಲಿಂದ ಕೆಳಗಿನವರೆಗೆ ಮುಟ್ಟಿ ನೋಡಿದರು. ಹೊಲಿಗೆಯಿಲ್ಲದ ಅಂಗಿಯಲ್ಲಿ ಹೊಲಿಗೆ ಎಲ್ಲಿರಬಾರದೋ ಸರಿಯಾಗಿ ಅಲ್ಲಿಯೇ, ಗಂಟಿನ ಮೇಲೆ ಗಂಟು ಹಾಕಿ, ತಾವೇ ಒಂದು ಹೊಲಿಗೆ ಕಟ್ಟಿಟ್ಟಿದ್ದರು. ಮುಖ ಕಪ್ಪಿಟ್ಟಿತು. ಮುಕ್ಕಾಲಿಯ ಮೇಲೆ ಕೂತುಬಿಟ್ಟರು.

"ಮುಂದಿನ ತಿಂಗಳು ಕೊಡೋಣ ಬಿಡಿ" ಎಂದು ಸಮಾಧಾನ ಮಾಡಲು ಹೋದೆ.

"ಇಲ್ಲ" ಎಂದರು. "ಅವಳಿಗೆ ಇನ್ನೊಂದ್ಸಲ ನಾಳೆ ಅಂತ ಹೇಳಲ್ಲ."

ಕೆಳಗಿನ ತುದಿ ಹಿಡಿದು ಬಿಚ್ಚತೊಡಗಿದರು. ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿ ನನ್ನ ಕಾಲ ಹತ್ತಿರ ರಾಶಿ ಬಿತ್ತು. ನಾನು ಅದನ್ನು ಎತ್ತಿ ಉಂಡೆ ಸುತ್ತಿದೆ. ಕಂಕುಳವರೆಗೂ ಬಿಚ್ಚಿದ ಮೇಲೆ ಸಂಜೆಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಅವರ ಬಾಗಿಲ ಮೇಲೆ "ಅಂಗಡಿಗೆ ರಜೆ" ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಹೆಂಡತಿ ಬಿಟ್ಟು ಹೋದ ದಿನವೂ ಆ ಬಾಗಿಲು ತೆರೆದೇ ಇತ್ತು, ಅದು ನನಗೆ ನೆನಪಿದೆ. ಇಡೀ ದಿನ ನನ್ನ ಮುಕ್ಕಾಲಿಯ ಮೇಲೆ ಕೂತರು. ಬಣ್ಣ ಬದಲಾಯಿಸುವ ಜಾಗವನ್ನು ಬಲ ಬೆನ್ನಿಗೆ ತಂದೆವು. ಗಂಟು ಹಾಕದೆ, ನೂಲಿನ ತುದಿಯನ್ನು ಮುಂದಿನ ಕುಣಿಕೆಗಳ ಒಳಗೇ ಸೇರಿಸಿ ಹೆಣೆಯುವುದನ್ನು ತೋರಿಸಿದೆ. ಕೈ ಓಡುತ್ತಿತ್ತು. ಹೆಣೆಯುತ್ತಾ ಹೆಣೆಯುತ್ತಾ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಹೆಂಡತಿಯ ಮಾತೆತ್ತಿದರು.

"ಅವಳು ಬಾಯಿ ಬಿಟ್ಟು ಏನೂ ಕೇಳ್ತಿರಲಿಲ್ಲ. ಕೇಳಿದ್ರೆ ಹೊಲಿದು ಕೊಡ್ತಿದ್ದೆ."

ನನಗೆ ಎಲ್ಲಿತ್ತೋ ಸಿಟ್ಟು. "ಬಟ್ಟೆ ತಂದು ಕೈಗೆ ಕೊಟ್ರಲ್ಲ, ಅದು ಕೇಳಿದ್ದಲ್ವಾ? ಇನ್ನು ಹೆಂಗೆ ಕೇಳಬೇಕಿತ್ತು?"

ಅವರು ಕಣ್ಣು ಒರೆಸಿಕೊಳ್ಳಲು ಕನ್ನಡಕ ತೆಗೆದರು, ಎಣಿಕೆ ತಪ್ಪಿತು, ಆ ಸುತ್ತನ್ನು ಮತ್ತೆ ಮೊದಲಿಂದ ಎಣಿಸಿದರು. ನಾನು ಮಾತಾಡಬಾರದಿತ್ತು ಅನ್ನಿಸಿತು. ಆಡಿದ್ದು ಸುಳ್ಳಲ್ಲ ಎಂದೂ ಅನ್ನಿಸಿತು.

ಭಾನುವಾರ ಮಗಳು ಬಸ್ಸಿಳಿದು ನನ್ನ ಅಂಗಡಿಗೆ ಬಂದಾಗ ಕೊನೆಯ ಸುತ್ತು ಅರ್ಧ ಆಗಿತ್ತು. ಅವಳು ಅಪ್ಪನ ಎದುರು ಚಹಾ ಹಿಡಿದುಕೊಂಡು ಕೂತಳು, ಏನು ಎತ್ತ ಎಂದು ಕೇಳಲಿಲ್ಲ. ಮುಗಿದ ಮೇಲೆ ಮಾಸ್ಟರ್ ಅಂಗಿಯನ್ನು ಒಳಹೊರಗು ಮಾಡಿ ಎಡ ಪಕ್ಕವನ್ನು ತಮ್ಮ ಕೆನ್ನೆಗೆ ಉಜ್ಜಿ ನೋಡಿದರು. ಎರಡು ಸಲ. ಆಮೇಲೆ ಮಡಿಚಿ ಕೊಟ್ಟರು.

"ಅಮ್ಮನಿಗೆ. ಪಕ್ಕದಲ್ಲಿ ಏನೂ ಚುಚ್ಚಲ್ಲ."

ಮಗಳು ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪಟ್ಟೆಗಳನ್ನು ಬೆರಳಿಂದ ಸವರಿದಳು. "ಅಪ್ಪ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಮಾಡಿದ್ದು ಅಂದ್ರೆ ಅಮ್ಮ ಮುಟ್ಟಲ್ಲ. ಅಂಗಡೀಲಿ ತಗೊಂಡೆ ಅಂತ ಹೇಳ್ಲಾ?"

ನಾನು ಮಾಸ್ಟರ್ ಮುಖ ನೋಡಲಾರದೆ ಕಪಾಟಿನ ಕಡೆ ತಿರುಗಿಕೊಂಡೆ.

"ಹಾಗೇ ಹೇಳು" ಎಂದರು. "ಅವಳು ಹಾಕ್ಕೊಂಡ್ರೆ ಸಾಕು."

ಆಮೇಲಿನ ತಿಂಗಳು ಬಲು ಉದ್ದವಾಗಿತ್ತು. ಮಗಳಿಗೆ ಫೋನ್ ಮಾಡಿ ಎಂದರೆ ಮಾಸ್ಟರ್ ಮಾಡುತ್ತಿರಲಿಲ್ಲ. "ಹಾಕ್ಕೊಂಡಿಲ್ಲ ಅಂದ್ರೆ?" ಎನ್ನುತ್ತಿದ್ದರು. ಬೀಗದ ಕೈ ತೆಗೆದುಕೊಂಡು ಹೋಗಿ ಮತ್ತೆ ಕತ್ತರಿ ಹಿಡಿದರು, ಆದರೆ ಮನಸ್ಸಿರಲಿಲ್ಲ. ದಿನಕ್ಕೊಂದು ಸಲ ಬಂದು ಒಂದು ಬಿಳಿ ಗುಂಡಿ ಕೊಡಿ ಎಂದು ಕೇಳುತ್ತಿದ್ದರು. ಒಂದೇ ಒಂದು. ಅಂಗಿಗೆ ಒಂದು ಗುಂಡಿ ಯಾವ ಲೆಕ್ಕ ಎಂದು ನಾನು ಕೇಳಲಿಲ್ಲ. ಮುಕ್ಕಾಲಿ ಎಳೆದು ಕೊಡುತ್ತಿದ್ದೆ. ಸ್ವಲ್ಪ ಹೊತ್ತು ಕೂತು, ಬೀದಿ ನೋಡಿ, ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಸಂಜೆ ಅವರ ಅಂಗಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿತ್ತು, ಅದರ ಕೆಳಗೆ ಅವರೂ ಗೊಂಬೆಯೂ.

ಮತ್ತೆ ಮೊದಲ ಭಾನುವಾರ ಬಂತು. ಅವತ್ತು ಬೆಳಿಗ್ಗೆಯಿಂದಲೇ ಅವರು ನನ್ನಲ್ಲಿ ಕೂತಿದ್ದರು. ಮಗಳು ನೇರವಾಗಿ ಅಲ್ಲಿಗೇ ಬಂದಳು.

"ಹಾಕ್ಕೊಂಡ್ಲು ಅಪ್ಪ. ಮೊದಲ ವಾರ ಬಿಚ್ಚಲೇ ಇಲ್ಲ. ಮೊನ್ನೆ ಮಾವನ ಮನೆಯವರೆಲ್ಲ ಬಂದಾಗ ಹೊರಗೆ ಬಂದು ಜೊತೆಗೆ ಕೂತಿದ್ಲು." ಚೀಲದಿಂದ ಒಂದು ಚೀಟಿ ತೆಗೆದಳು. "ಒಂದು ದಿನ ಒಗೆಯೋಕೆ ಹಾಕೋವಾಗ ಒಳಮಗ್ಗುಲು ತಿರುಗಿಸಿ ತುಂಬ ಹೊತ್ತು ನೋಡ್ತಾ ಕೂತಿದ್ಲು. ಆಮೇಲೆ ಇದನ್ನ ಬರೆದುಕೊಟ್ಲು. ಒಗೆದಾಗ ಹಾಕ್ಕೊಳ್ಳೋಕೆ ಇನ್ನೊಂದು ಬೇಕಂತೆ. ಅದೇ ಅಂಗಡಿಯವರಿಗೆ ಕೊಡು ಅಂದ್ಲು."

ಚೀಟಿಯನ್ನು ಮಾಸ್ಟರ್ ಕೈಗೆ ಕೊಟ್ಟಳು. ಅವರು ಓದಿ, ನನ್ನ ಮುಂದೆ ಇಟ್ಟರು.

"ಎದೆ ಮೂವತ್ತೊಂದು. ಭುಜ ಹದಿಮೂರು. ಉದ್ದ ಇಪ್ಪತ್ತೆರಡು. ಮಾರ್ಜಿನ್ ಬಿಡಬೇಡಿ. ಪಟ್ಟೆ ಬೇಡ. ಬಣ್ಣ ಹಳದಿ. ಯಾವತ್ತು ಸಿಗುತ್ತದೆ ಎಂದು ತಾರೀಕು ಬರೆದು ಕಳಿಸಿ."

ಮಾರ್ಜಿನ್ ಎಂದರೆ ಮುಂದೆ ಬಿಗಿಯಾದರೆ ಬಿಡಿಸಿಕೊಳ್ಳಲಿ ಎಂದು ಟೈಲರುಗಳು ಪಕ್ಕದ ಹೊಲಿಗೆಯ ಒಳಗೆ ಬಿಡುವ ಹೆಚ್ಚಿನ ಬಟ್ಟೆ. ಹೊಲಿಗೆಯೇ ಇಲ್ಲದ ಅಂಗಿಗೆ ಮಾರ್ಜಿನ್ ಯಾಕೆ? ಆದರೂ ಮಾಸ್ಟರ್ ಕೈ ಚಾಳಿ ಬಿಟ್ಟಿರಲಿಲ್ಲ, ಆಕೆಯ ಹಳೇ ಮೂವತ್ತಾರರ ಅಳತೆಗೆ ಪಕ್ಕದಲ್ಲಿ ಎರಡು ಇಂಚು ಹೆಚ್ಚಿಗೆ ಹೆಣೆದಿದ್ದರು. ನನ್ನ ಕಣ್ಣಿಗೆ ಬೀಳದ್ದು ಆಕೆಯ ಕಣ್ಣಿಗೆ ಬಿದ್ದಿತ್ತು. ಸಿದ್ಧ ಉಡುಪು ಮಾರುವವರಿಗೆ ಮಾರ್ಜಿನ್ ಬಿಡಬೇಡಿ ಎಂದು ಯಾರೂ ಬರೆದು ಕಳಿಸುವುದಿಲ್ಲ. ಆಕೆಗೆ ಗೊತ್ತಾಗಿತ್ತು. ಗೊತ್ತಾಗಿಯೂ ಅಂಗಡಿಯವರಿಗೇ ಬರೆದಿದ್ದರು. ಮಗಳಿಗೆ ಮಾತ್ರ ಇನ್ನೂ ತಿಳಿದಿರಲಿಲ್ಲ, ಅವಳು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು.

"ಮೂವತ್ತೊಂದು" ಎಂದರು ಮಾಸ್ಟರ್. "ಐದು ಇಂಚು ಇಳಿದಿದಾಳೆ." ಅಷ್ಟು ದಿನ ಆಪರೇಷನ್ ಎಂದು ಬಾಯಲ್ಲಿ ಹೇಳುತ್ತಿದ್ದವರಿಗೆ ಆಕೆ ಈಗ ಹೇಗಿದ್ದಾರೆ ಎಂಬುದು ಆ ಅಂಕಿಯಲ್ಲೇ ಕಂಡಿತು. ಚೀಟಿಯ ಮೇಲೆ ಬೆರಳಿಟ್ಟುಕೊಂಡು ಕೂತರು.

ಆಮೇಲೆ ಎದ್ದು ರಸ್ತೆ ದಾಟಿ ಹೋಗಿ ಆ ಹಳೇ ಗಂಟು ತಂದರು. ಬಿಚ್ಚಿ, ತೋಳಿನ ತುಂಡೊಂದನ್ನು ತೆಗೆದು ನನ್ನ ಕೌಂಟರಿನ ಮೇಲೆ ಇಟ್ಟರು. ಆಕೆಯೇ ಆರಿಸಿ ತಂದ ಬಟ್ಟೆ. ಹಳದಿ. ಯಾವ ಬಣ್ಣ ಇಷ್ಟ ಎಂದು ತಿಳಿಯದೆ ನಾವು ನೀಲಿ ಬೂದು ಹೆಣೆಯುತ್ತಿದ್ದಾಗ ಇದೇ ಕೌಂಟರಿನ ಮೇಲೆ ಹರಡಿ ಇಂಚು ಅಳೆದಿದ್ದೆವು. ಇಡೀ ದಿನ ಬಣ್ಣ ಮಾರುವವಳು ನಾನು, ನನಗೂ ಕಂಡಿರಲಿಲ್ಲ.

"ಈ ಬಣ್ಣಕ್ಕೆ ಹೊಂದೋ ನೂಲು ಕೊಡಿ" ಎಂದರು.

ಮಡಿಕೆಯೊಳಗೆ ಮಾಸದೆ ಉಳಿದ ಜಾಗವನ್ನು ಉಂಡೆಗಳ ಪಕ್ಕ ಹಿಡಿದು ನೋಡಿ ಒಂದನ್ನು ಆರಿಸಿದೆ. ಮಾಸ್ಟರ್ ಚೀಟಿಯನ್ನು ತಿರುಗಿಸಿ, ನನ್ನ ಪೆನ್ನು ತೆಗೆದುಕೊಂಡು, ಗೋಡೆಯ ಕ್ಯಾಲೆಂಡರ್ ನೋಡಿ ಮುಂದಿನ ತಿಂಗಳ ಮೊದಲ ಭಾನುವಾರದ ತಾರೀಕು ಬರೆದರು. ಅದರ ಕೆಳಗೆ ಹೆಸರು ಬರೆಯಲು ಪೆನ್ನು ಊರಿ, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, "ಅಂಗಡಿಯವರು" ಎಂದು ಬರೆದರು. ಮಗಳು ಚೀಟಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಳು.